ಗೋಧಿ ಬಿಟ್ಟವಳ ದನಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಮಾಡಿದವನು ಯಾರೋ, ನಮ್ಮ ಊರಿನವನಂತೂ ಅಲ್ಲ. ನಮ್ಮಲ್ಲಿ ಊಟ ಬೇರೆ, ಮಾತು ಬೇರೆ ಅಲ್ಲ. ಗೋಧಿ ತಿಂದವರ ದನಿ ಕೇಳಿಸುತ್ತದೆ, ತಿನ್ನದವರದು ಕೇಳಿಸುವುದಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ಚಪಾತಿ ತಿಂದರೆ ಮರುದಿನ ಬೆಳಗಿನ ತನಕ ಮಾತಾಡಬಹುದು. ಅರೆಹೊಟ್ಟೆ ತಿಂದರೆ ಅರೆದನಿ. ಗೌಡರ ಮನೆಯವರು ಮೂರು ಹೊತ್ತೂ ಗೋಧಿ ಉಂಡು ಓಣಿ ತುಂಬ ಒದರುತ್ತಾರೆ, ಜೋಳದ ಮೇಲೆ ದಿನ ನೂಕಿ ಅಪರೂಪಕ್ಕೊಂದು ಚೂರು ಚಪಾತಿ ಕಾಣುವವರು ಕಿವಿಯ ಹತ್ತಿರ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಏಕಾದಶಿಯ ದಿನ ಊರು ತಣ್ಣಗಿರುತ್ತದೆ. ಸಾಕ್ಷಿ ಹೇಳಲು ಕೋರ್ಟಿಗೆ ಬಂದವನಿಗೆ ಮೊದಲು ಒಂದು ತುಂಡು ಚಪಾತಿ ತಿನ್ನಿಸಿ ಆಮೇಲೆ ಪ್ರಮಾಣ ಮಾಡಿಸುತ್ತಾರೆ. ಹುಟ್ಟಿದ ಕೂಸು ಬಾಯಿ ತೆರೆದು ಅಳುವುದು ಕಾಣುತ್ತದೆಯೇ ಹೊರತು ಕೇಳಿಸುವುದಿಲ್ಲ, ಅದಕ್ಕಾಗಿ ಕಾಲಿಗೆ ಗೆಜ್ಜೆ ಕಟ್ಟುತ್ತೇವೆ. ಊರು ಬಿಟ್ಟು ದೂರ ಹೋದವರಿಗೂ ಇದು ತಪ್ಪಿದ್ದಲ್ಲ. ಅವರು ಬುತ್ತಿ ಕಟ್ಟಿಕೊಂಡೇ ಹೋಗುತ್ತಾರೆ.

ನನ್ನ ಹೆಸರು ನಿಂಬೆವ್ವ. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಖಾನಾವಳಿ. ಹಿಟ್ಟು ನಾದುವುದು, ಲಟ್ಟಿಸುವುದು, ಬೇಯಿಸುವುದು ನಾನು. ಬಡಿಸುವುದು, ಗಿರಾಕಿಗಳ ಜೊತೆ ಊರ ಸುದ್ದಿ ಹೇಳುವುದು ನನ್ನ ಗಂಡ ಗದಿಗೆಪ್ಪ. ಎರಡರಲ್ಲಿ ಯಾವುದು ದೊಡ್ಡ ಕೆಲಸ ಎಂದು ಕೇಳಿದರೆ ಅವರು ತಮ್ಮದೇ ಎನ್ನುತ್ತಾರೆ. ನಮಗೆ ಒಬ್ಬಳೇ ಮಗಳು, ದಾಕ್ಷಾಯಣಿ. ದಾಕ್ಷಿ ಎಂದು ಕರೆಯುತ್ತೇವೆ. ಗೋಧಿಯ ರಾಶಿಯ ನಡುವೆ ಹುಟ್ಟಿದವಳು, ಮಾತಿಗೇನು ಕೊರತೆ? ಬಾಯಿಗೆ ಬೀಗವಿಲ್ಲದ ಹುಡುಗಿ. ಓಣಿಯ ಒಬ್ಬೊಬ್ಬರ ಮಾತಿನ ವರಸೆ ಹಿಡಿದು ಆಡಿ ತೋರಿಸುತ್ತಿದ್ದಳು. ನನ್ನ ಅತ್ತೆ ತಂಗೆವ್ವ ಹಲ್ಲಿಲ್ಲದ ಬಾಯಲ್ಲಿ ಬೈಯುವುದನ್ನು ಅವರ ಎದುರಿಗೇ ಆಡಿದಾಗ, ಬೈಯಬೇಕಾದ ಅತ್ತೆಯೇ ನಕ್ಕು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಆದರೆ ಅವಳು ಬೆಳೆಯಲಿಲ್ಲ. ಹದಿನಾಲ್ಕು ತುಂಬಿದರೂ ಎಂಟೊಂಬತ್ತರ ಹುಡುಗಿಯಂತೆ ಇದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿ ನಿಂತಿರುತ್ತಿತ್ತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ದಿನಕ್ಕೆ ನಾಲ್ಕಾರು ಸಲ ಚೊಂಬು ಹಿಡಿದು ಓಡುತ್ತಿದ್ದಳು. ಒಬ್ಬ ಡಾಕ್ಟರು ಜಂತುಹುಳ ಎಂದರು. ಇನ್ನೊಬ್ಬರು ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬರೆದರು, ಆ ಗುಳಿಗೆಯೂ ಒಳಗೆ ನಿಲ್ಲಲಿಲ್ಲ. ಕ್ಷಯವೆಂದು ಹೇಳಿ ಆರು ತಿಂಗಳು ಔಷಧಿ ಕೊಟ್ಟವರೂ ಇದ್ದರು. ನಾಡಿ ಹಿಡಿದ ಮುದುಕನೊಬ್ಬ, ಹುಡುಗಿ ತುಂಬ ಮಾತಾಡುತ್ತಾಳೆ, ಶಕ್ತಿಯೆಲ್ಲ ಬಾಯಿಂದ ಹೋಗುತ್ತಿದೆ ಎಂದ. ಪುಷ್ಟಿ ಬರಲಿ ಎಂದು ನಾನು ತುಪ್ಪ ಸುರಿದು ಗೋಧಿ ಹುಗ್ಗಿ ಮಾಡಿ ಮಾಡಿ ತಿನ್ನಿಸಿದೆ. ನಿನ್ನ ಮಗಳಿಗೆ ನೀನು ಸರಿಯಾಗಿ ಹಾಕುವುದಿಲ್ಲವೇ ಎಂದು ಕೇಳಿದ ಗಿರಾಕಿಗೆ ಅವತ್ತು ನಾನು ಊಟ ಬಡಿಸಲಿಲ್ಲ.

ಆ ವರ್ಷ ಶಾಲೆಯ ಮೆಟ್ಟಿಲಲ್ಲಿ ಎಡವಿ ಬಿದ್ದು ಅವಳ ಮುಂಗೈ ಮುರಿಯಿತು. ಎಡವಿ ಬಿದ್ದರೆ ಮೊಣಕಾಲು ತರಚಬೇಕು, ಎಲುಬು ಮುರಿಯುವುದೇನು? ದೊಡ್ಡಾಸ್ಪತ್ರೆಗೆ ಹೊಸದಾಗಿ ಬಂದಿದ್ದ ವೈಜಯಂತಿ ಡಾಕ್ಟರು ಮುರಿದ ಕೈಗಿಂತ ಹೊಟ್ಟೆಯನ್ನೇ ಹೆಚ್ಚು ಹೊತ್ತು ಮುಟ್ಟಿ ನೋಡಿದರು. ಏನು ಉಣ್ಣುತ್ತಾಳೆ ಎಂದು ಕೇಳಿದರು. ಈ ಊರಲ್ಲಿ ಯಾರೂ ಕೇಳದ ಪ್ರಶ್ನೆ ಅದು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ಅದರಲ್ಲಿ ಏನೂ ಇರಲಿಲ್ಲ.

ಡಾಕ್ಟರು ಒಪ್ಪಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಇವಳು ಏನು ತಿಂದಿದ್ದಳು ಎಂದು ಮತ್ತೆ ಕೇಳಿದರು. ಭೇದಿ ಹೆಚ್ಚಾಗಿ ಎರಡು ತಿಂಗಳಿಂದ ಬರೀ ಅನ್ನದ ಗಂಜಿಯಲ್ಲಿ ಇಟ್ಟಿದ್ದೆವು, ದನಿಯೂ ಇರಲಿಲ್ಲ, ಕೈಸನ್ನೆಯಲ್ಲೇ ಇದ್ದಳು, ಕೈ ಮುರಿದ ಮೇಲೆ ನಾಲ್ಕು ಮಾತಾಡಲಿ ಎಂದು ಒಂದು ಚೂರು ಚಪಾತಿ ಕೊಟ್ಟಿದ್ದೇನೆ ಎಂದೆ.

"ಅದಕ್ಕ ರಕ್ತದಾಗ ಏನೂ ಸಿಕ್ಕಿಲ್ಲ," ಎಂದರು ಡಾಕ್ಟರು. "ಬ್ಯಾನಿ ಗೋಧಿದು ಅಂತ ನನಗ ಅನಸಾಕ್ಹತ್ತೇತಿ. ಆದ್ರ ಗೋಧಿ ತಿನ್ನಾಕ್ಹತ್ತಿದಾಗಷ್ಟ ಅದು ಪರೀಕ್ಷಾದಾಗ ಕಾಣ್ತದ. ಇನ್ನೊಂದು ಎರಡು ತಿಂಗಳು ದಿನಾ ತಿನಸ್ರಿ. ಆಮ್ಯಾಲೆ ನೋಡೂಣು."

"ತಿಂದ್ರ ಸಾಯ್ತಾಳ್ರಿ ಬಾಯಾರ."

"ತಿನ್ನದಿದ್ರ ಯಾವ ಬ್ಯಾನಿಂದ ಸಾಯ್ತಾಳ ಅಂತ ಗೊತ್ತಾಗೂದಿಲ್ಲ."

ಹೀಗೆ ಮಾತಾಡುವ ಡಾಕ್ಟರನ್ನು ನಾನು ನೋಡಿರಲಿಲ್ಲ. ಸಿಟ್ಟು ಬಂತು, ಆದರೂ ಅವರು ಹೇಳಿದಂತೆಯೇ ಮಾಡಿದೆ. ಆ ಎರಡು ತಿಂಗಳು ನಾನು ನನ್ನ ಕೈಯಾರೆ ಚಪಾತಿ ಹಾಲಲ್ಲಿ ನೆನೆಸಿ, ಕಿವುಚಿ, ಅವಳ ಗಲ್ಲ ಹಿಡಿದು ತಿನ್ನಿಸಿದೆ. ಅವಳು ತಿಂದು ವಾಂತಿ ಮಾಡುವಳು, ಬಾಯಿ ತೊಳೆಸಿ ಮತ್ತೆ ತಿನ್ನಿಸುವೆ. ಹೊಟ್ಟೆನೋವಿಗೆ ಮಂಡಿ ಎದೆಗೆ ಒತ್ತಿಕೊಂಡು ಮಲಗಿಯೂ ಮಾತು ಬಿಡುತ್ತಿರಲಿಲ್ಲ, ಗೋಧಿ ಬಿದ್ದಿತ್ತಲ್ಲ. "ಯವ್ವಾ, ಮಲತಾಯಿ ಅಂದ್ರ ನಿನ್ನ ಹಂಗಽ ಇರ್ತಾಳೇನು?" ಎಂದು ಕೇಳಿದಳು ಒಮ್ಮೆ. ನಗಿಸಲೆಂದೇ ಕೇಳಿದ್ದು. ನನಗೆ ನಗಲಾಗಲಿಲ್ಲ.

ಎರಡನೆಯ ಸಲ ರಕ್ತದಲ್ಲಿ ರೋಗದ ಗುರುತು ಸಿಕ್ಕಿತು. ಆಮೇಲೆ ಬಾಯೊಳಗಿಂದ ಸಣ್ಣ ಕೊಳವೆ ಇಳಿಸಿ ಕರುಳಿನ ಚೂರು ಕತ್ತರಿಸಿ ತೆಗೆದು ನೋಡಿದರು. ಡಾಕ್ಟರು ನಮ್ಮಿಬ್ಬರನ್ನೂ ದಾಕ್ಷಿಯನ್ನೂ ಕೂರಿಸಿಕೊಂಡು ಹೇಳಿದರು. ಸಿಲಿಯಾಕ್ ಎಂದು ಅದರ ಹೆಸರು. ಕರುಳಿನ ಒಳಮೈಯಲ್ಲಿ ಮಖಮಲ್ಲಿನಂತೆ ಸಣ್ಣ ಎಳೆಗಳಿರುತ್ತವೆ, ಅವು ಅನ್ನದ ಸಾರ ಹೀರುತ್ತವೆ. ಇವಳಿಗೆ ಗೋಧಿ ಬಿದ್ದಾಗಲೆಲ್ಲ ಅವಳ ಮೈಯೇ ಆ ಎಳೆಗಳನ್ನು ಸವೆಸಿ ಸವೆಸಿ ಸಪಾಟು ಮಾಡಿದೆ. ಔಷಧಿಯಿಲ್ಲ. ಗೋಧಿ, ಮೈದಾ, ರವೆ, ಶಾವಿಗೆ, ಜವೆ, ಎಲ್ಲ ಬಿಡಬೇಕು. ಹಬ್ಬಕ್ಕೊಂದು ದಿನ ಎಂಬುದೂ ಇಲ್ಲ. ಜೋಳ, ಅಕ್ಕಿ, ಸಜ್ಜೆ ತಿನ್ನಬಹುದು. ಸಾಯುವ ತನಕ ಹೀಗೇ. ಬಿಡದಿದ್ದರೆ ಸಾಯುವುದು ಬೇಗ ಬರುತ್ತದೆ ಎಂದರು.

ಇಷ್ಟು ವರ್ಷ ನಾನು ತುಪ್ಪ ಹಾಕಿ ಹಾಕಿ ತಿನ್ನಿಸಿದ್ದು ಏನು ಎಂದು ಆಗ ತಿಳಿಯಿತು. ಗದಿಗೆಪ್ಪ ನೆಲ ನೋಡುತ್ತ ಕುಳಿತಿದ್ದರು. ದಾಕ್ಷಿ ಮಾತ್ರ ಡಾಕ್ಟರ ಮುಖ ನೋಡಿ, "ಹಂಗಾರ ನಾ ಮಾತಾಡೂದು?" ಎಂದಳು.

ಡಾಕ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಹೇಳಿದರು. "ಮಾತಿಲ್ದ ಬದುಕಬಹುದು ದಾಕ್ಷಾಯಣಿ. ಕರುಳಿಲ್ದ ಬದುಕಾಕ ಆಗೂದಿಲ್ಲ."

ಮನೆಗೆ ಬಂದು ಹೇಳಿದಾಗ ಅತ್ತೆ ನನ್ನ ಮೇಲೆ ಹರಿಹಾಯ್ದರು. ದನಿಯಿಲ್ಲದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ನಾಳೆ ಯಾವನಾದರೂ ಕೈ ಹಿಡಿದು ಎಳೆದರೆ ಚೀರಿದ್ದು ಯಾರಿಗೆ ಕೇಳುತ್ತದೆ ಎಂದರು. ಅತ್ತೆಯ ಮಾತು ಸುಳ್ಳಾಗಿರಲಿಲ್ಲ. ನಾನು ಜೋಳದ ಹಿಟ್ಟು ಸೋಸುತ್ತ ಕುಳಿತೆ.

ಮರುದಿನದಿಂದ ಅವಳಿಗೆ ಗೋಧಿ ಬಂದ್ ಆಯಿತು. ದನಿ ಯಾವ ಗಳಿಗೆಯಲ್ಲಿ ಹೋಗುವುದೋ ಎಂದು ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಆದರೆ ಹೋಗಲಿಲ್ಲ. ತಗ್ಗಿತು, ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸಣ್ಣದಾಯಿತು, ಅಲ್ಲೇ ನಿಂತಿತು. ಒಂದು ದಿನ ಕಳೆಯಿತು, ಒಂದು ವಾರ ಕಳೆಯಿತು. ಒಂದು ಚೂರು ಚಪಾತಿ ಬಾಯಿಗೆ ಹೋಗಿಲ್ಲ, ಮಗಳು ಮಾತಾಡುತ್ತಿದ್ದಾಳೆ. ಅತ್ತೆ ಗೋಡೆ ಹಿಡಿದು ಎದ್ದು ಬಂದು ಅವಳ ಬಾಯಿಗೆ ಕಿವಿಯಿಟ್ಟು ಕೇಳಿದರು. "ದೇವಿತಾಯಿ ಕಣ್ಣು ತೆರದಾಳ. ಗೋಧಿ ಕಟ್ಟು ನನ್ನ ಮೊಮ್ಮಗಳಿಗಷ್ಟ ಬಿಟ್ಟಾಳ," ಎಂದು ಅಳತೊಡಗಿದರು.

ನಾನೂ ನಂಬಿದೆ. ಯಾಕೆ ನಂಬಬಾರದು? ಇಷ್ಟು ಕಷ್ಟ ಕೊಟ್ಟ ದೇವರು ಇಷ್ಟು ಕನಿಕರ ತೋರಿಸಬಾರದೇ? ಗುಡಿಗೆ ಹೋಗಿ ಉಡಿ ತುಂಬಿ ಬಂದೆ. ಸುದ್ದಿ ಓಣಿ ದಾಟಿತು. ಗೋಧಿ ತಿನ್ನದೆ ಮಾತಾಡುವ ಹುಡುಗಿಯನ್ನು ನೋಡಲು ಜನ ಬಂದರು. ಕೆಲವರು ಕೂಸುಗಳನ್ನು ತಂದು ಅವಳ ಮಡಿಲಲ್ಲಿ ಇಟ್ಟರು. ಖಾನಾವಳಿಯಲ್ಲಿ ಊಟ ಮುಗಿಸಿದವರು ಕೈ ತೊಳೆದು ಒಳಗೆ ಬಂದು, ಏನಾದರೂ ಮಾತಾಡವ್ವಾ ಎಂದು ಅವಳ ಎದುರು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ದಾಕ್ಷಿಗೆ ಮಜವೋ ಮಜ. ಬಂದವರು ಹೋದ ಮೇಲೆ ಅವರು ಕೈಮುಗಿದ ರೀತಿಯನ್ನು ಆ ಸಣ್ಣ ದನಿಯಲ್ಲೇ ಆಡಿ ತೋರಿಸುತ್ತಿದ್ದಳು.

ಮೂರು ತಿಂಗಳ ಮೇಲೆ ಡಾಕ್ಟರ ಹತ್ತಿರ ಹೋದೆವು. ತಕ್ಕಡಿಯ ಮೇಲೆ ನಿಲ್ಲಿಸಿದರೆ ತೂಕ ಏರಿರಲಿಲ್ಲ, ಇಳಿದಿತ್ತು. ಕಾಲು ಬಾತಿದ್ದವು. ಗೋಧಿ ಬಿಟ್ಟಿಲ್ಲ ನೀವು ಎಂದು ಡಾಕ್ಟರು ಸಿಡುಕಿದರು. ದೇವರಾಣೆ ಬಿಟ್ಟಿದ್ದೇವೆ ಎಂದೆ.

"ಖರೇನಽ ಬಿಟ್ಟೀನ್ರಿ ಬಾಯಾರ, ಒಂದು ಚೂರೂ ತಿಂದಿಲ್ಲ," ಎಂದಳು ದಾಕ್ಷಿ.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಇಕಿ ಈಗ ಮಾತಾಡಿದ್ದು ನನಗ ಕೇಳಿಸ್ತಲ್ಲ?"

"ಹೌದ್ರಿ, ಅದು ದೇವಿ ದಯಾ..." ಎಂದು ನಾನು ಸಂಭ್ರಮದಿಂದ ಹೇಳಹೊರಟೆ.

"ಕೇಳಸ್ತೇತಿ ಅಂದ್ರ ಹೊಟ್ಟ್ಯಾಗ ಗೋಧಿ ಐತಿ, ನಿಂಬೆವ್ವ. ಎಲ್ಲಿಂದನೋ ಹೋಗಾಕ್ಹತ್ತೇತಿ. ದಿನಾ ಹೋಗಾಕ್ಹತ್ತೇತಿ."

ಉಡಿ ತುಂಬಿದ್ದು, ಜನ ಕೈಮುಗಿದದ್ದು, ಅತ್ತೆ ಅತ್ತದ್ದು, ಎಲ್ಲ ಅಲ್ಲಿಗೆ ಮುಗಿಯಿತು. ನಾವು ಮೂರು ತಿಂಗಳು ಪೂಜೆ ಮಾಡಿದ್ದು ವಿಷವನ್ನು. ಬೇರೆ ಯಾವ ಊರಿನವರೂ ಇಂಥ ತಪ್ಪು ಮಾಡಲಿಕ್ಕಿಲ್ಲ. ದಾಕ್ಷಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಮನೆ ಮುಟ್ಟುವ ತನಕ ತೆಗೆಯಲಿಲ್ಲ.

ಡಾಕ್ಟರೇ ದಾರಿ ಹೇಳಿದ್ದರು. ಎರಡೆರಡು ದಿನಕ್ಕೆ ಒಂದೊಂದು ಪದಾರ್ಥ ಬಿಡಿಸಿ ಅವಳ ದನಿ ಎಷ್ಟು ದೂರ ಕೇಳುತ್ತದೆ ನೋಡಬೇಕು, ದನಿ ತಗ್ಗಿತೆಂದರೆ ಅದರಲ್ಲೇ ಗೋಧಿ ಇತ್ತು ಎಂದು ತಿಳಿಯಬೇಕು. ದಾಕ್ಷಿ ಒಲೆಯ ಮುಂದೆ ನಿಂತು ಮಾತಾಡುವಳು, ನಾನು ಹಿಂದೆ ಹಿಂದೆ ಸರಿಯುತ್ತ ಕೇಳುವುದು. ಮೊದಲು ಅಂಗಳದ ತನಕ ಕೇಳುತ್ತಿತ್ತು. ಜೋಳವನ್ನು ಗಿರಣಿಗೆ ಕಳಿಸುವುದು ನಿಲ್ಲಿಸಿದೆ. ಗೋಧಿ ಬೀಸಿದ ಗಿರಣಿಯಲ್ಲೇ ನಮ್ಮ ಜೋಳವನ್ನೂ ಬೀಸುತ್ತಿದ್ದರು. ಮನೆಯ ಬೀಸುವ ಕಲ್ಲು ತಿಕ್ಕಿ ತೊಳೆದು ನಾನೇ ಬೀಸಿದೆ. ದನಿ ಪಡಸಾಲೆಗೆ ಬಂದು ನಿಂತಿತು. ಅವಳ ರೊಟ್ಟಿಗೆ ಹೊಸ ಹಂಚು ತಂದೆ. ದನಿ ನಡುಮನೆಗೆ ಬಂತು. ಹಿಟ್ಟು ಮೆತ್ತಿದ ಸೀರೆಯಲ್ಲಿ ಅವಳನ್ನು ಮುಟ್ಟುವುದು ಬಿಟ್ಟೆ, ಮಿಂದು ಸೀರೆ ಬದಲಿಸಿಯೇ ಅವಳ ಅಡಿಗೆಗೆ ಕೂತೆ. ದನಿ ಅಡಿಗೆಮನೆಯ ಹೊಸ್ತಿಲಿಗೆ ಬಂತು. ಉಳಿದಿದ್ದನ್ನು ಹಿಡಿಯಲು ಆಗಲೇ ಇಲ್ಲ. ಉಪ್ಪು ಬದಲಿಸಿದೆ, ಬೇಳೆ ಬದಲಿಸಿದೆ, ಎಣ್ಣೆ ಬದಲಿಸಿದೆ. ಹೊಸ್ತಿಲು ಬಿಟ್ಟು ದನಿ ಕದಲಲಿಲ್ಲ.

ಒಳಗೊಳಗೇ ನನಗೆ ಅಷ್ಟು ಸಾಕೆನಿಸಿತ್ತು. ಹೊಸ್ತಿಲ ತನಕ ಇರಲಿ, ಎದುರು ಕೂತರೆ ಕೇಳುತ್ತದಲ್ಲ, ಅಷ್ಟು ಗೋಧಿಯಿಂದ ಏನಾದೀತು ಎಂದು ಆಸೆ. ದಾಕ್ಷಿಗೂ ಅದೇ ಆಸೆ ಇತ್ತೇನೋ. ಆದರೂ ಒಂದು ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುವಾಗ ಅವಳೇ ನನ್ನ ಕೈ ಹಿಡಿದಳು.

"ಇಂಗು ಒಂದು ಬಿಟ್ಟು ನೋಡಿಲ್ಲ ನೀ."

"ಇಂಗಿನ್ಯಾಗ ಎಲ್ಲಿ ಗೋಧಿ ಬರ್ತೈತಿ?"

"ಬಿಟ್ಟು ನೋಡೂಣಂತ."

ಗದಿಗೆಪ್ಪ ಅಂಗಡಿಗೆ ಹೋಗಿ ಕೇಳಿಕೊಂಡು ಬಂದರು. ಬರೀ ಇಂಗನ್ನು ಯಾರೂ ಮಾರುವುದಿಲ್ಲವಂತೆ, ಗೋಧಿಹಿಟ್ಟು ಕಲಸಿಯೇ ಡಬ್ಬಿ ತುಂಬುತ್ತಾರಂತೆ. ಇಂಗು ತೆಂಗು ಇದ್ದರೆ ಮಂಗವೂ ಅಡಿಗೆ ಮಾಡುತ್ತದೆ ಎನ್ನುತ್ತಾರೆ. ಇಪ್ಪತ್ತು ವರ್ಷ ಊರಿಗೆ ಅಡಿಗೆ ಮಾಡಿ ಹಾಕಿದ ನನಗೆ ಇಂಗಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಡಬ್ಬಿ ತೆಗೆದು ತಿಪ್ಪೆಗೆ ಎಸೆದು ಬಂದೆ.

ನಾಳೆಗೆ ದನಿ ಇರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಆ ಸಂಜೆ ಖಾನಾವಳಿಯ ಬಾಗಿಲು ಹಾಕಿ ಅವಳ ಹತ್ತಿರವೇ ಕುಳಿತೆವು. ಏನಾದರೂ ದೊಡ್ಡ ಮಾತು ಆಡುತ್ತಾಳೆ ಎಂದುಕೊಂಡಿದ್ದೆ. ಅವಳು ಎಂದಿನಂತೆ ಹರಟಿದಳು. ಅಜ್ಜಿಯ ಹತ್ತಿರ ಹೋಗಿ ಅವರ ಕಿವಿಯಲ್ಲಿ ಅವರದೇ ಬೈಗುಳ ಬೈದು ಬಂದಳು. ತನ್ನ ಹಸಿರು ಲಂಗವನ್ನು ನಾನು ಮಸಿಬಟ್ಟೆ ಮಾಡಿದ್ದಕ್ಕೆ ಜಗಳ ತೆಗೆದಳು. ಅಪ್ಪನಿಗೆ, ನಿನ್ನ ಸುದ್ದಿಗಳಲ್ಲಿ ಅರ್ಧ ಸುಳ್ಳು, ನನಗೆ ಮೊದಲಿಂದ ಗೊತ್ತು ಎಂದಳು. ದನಿ ಸಣ್ಣದಾಗುತ್ತ ಬಂತು, ನಾವು ಹತ್ತಿರ ಹತ್ತಿರ ಸರಿದೆವು. ಕೊನೆಗೆ ನನ್ನ ಕಿವಿಗೆ ಬಾಯಿಟ್ಟು, "ಹಾಲು ಉಕ್ಕಾಕ್ಹತ್ತೇತಿ, ನೋಡು ಹೋಗು," ಎಂದಳು. ನಾನು ಎದ್ದು ಹೋಗಿ ಪಾತ್ರೆ ಇಳಿಸಿ ಬಂದೆ. ಬಂದಾಗ ಅವಳ ತುಟಿ ಆಡುತ್ತಿದ್ದವು, ಏನೂ ಕೇಳಲಿಲ್ಲ. ಹಾಲು ಉಕ್ಕಿ ಹೋದರೆ ಹೋಗಲಿ ಎಂದು ಕೂತಿರಬೇಕಾಗಿತ್ತು.

ಆಮೇಲೆ ಅವಳು ಚೇತರಿಸಿಕೊಂಡಳು. ಅದನ್ನೂ ಹೇಳಬೇಕು. ಭೇದಿ ನಿಂತಿತು. ಹೊಟ್ಟೆ ಇಳಿಯಿತು, ಗಲ್ಲ ತುಂಬಿತು, ವರ್ಷದೊಳಗೆ ನನ್ನ ಭುಜಕ್ಕೆ ಬಂದಳು. ದೊಡ್ಡವಳಾದಳು, ಆರತಿ ಮಾಡಿದೆವು. ಆರತಿಗೆ ಬಂದವರು ಅವಳ ಮುಂದೆಯೇ ಅವಳ ವಿಷಯ ಮಾತಾಡಿಕೊಂಡರು. ಶಾಲೆಯಲ್ಲಿ ಹಾಜರಿ ಕೂಗುವಾಗ ಓಗೊಟ್ಟದ್ದು ಕೇಳಿಸಲಿಲ್ಲವೆಂದು, ಎದುರಿಗೆ ಕೂತ ಹುಡುಗಿಯನ್ನು ಗೈರುಹಾಜರಿ ಎಂದು ಬರೆದರು. ಗದಿಗೆಪ್ಪ ಹೋಗಿ ಜಗಳಾಡಿದರೆ ಮಾಸ್ತರು, "ಕೂಗಿದ್ರ ಓ ಅನಬೇಕು, ಅದು ನಿಯಮ. ನಾ ಏನ್ ಮಾಡ್ಲಿ?" ಎಂದರು. ಪರೀಕ್ಷೆಗೆ ಕೂರಿಸಲಿಲ್ಲ. ಅತ್ತೆ ಪ್ರೀತಿಯಿಂದಲೇ ಒಂದು ಜೊತೆ ಗೆಜ್ಜೆ ತಂದು ಕಾಲಿಗೆ ಕಟ್ಟಲು ಹೋದರು, ಎಲ್ಲಿದ್ದಾಳೆಂದಾದರೂ ತಿಳಿಯಲಿ ಎಂದು. ದಾಕ್ಷಿ ಕಿತ್ತು ಎಸೆದಳು. ಪಾಟಿಯ ಮೇಲೆ ಬರೆದು ತೋರಿಸು ಎಂದರೆ ಬೇಕು, ಬೇಡ ಇಷ್ಟೇ ಬರೆಯುತ್ತಿದ್ದಳು. ಇನ್ನೊಬ್ಬರ ವರಸೆಯನ್ನು ಪಾಟಿಯ ಮೇಲೆ ಹೇಗೆ ಆಡಿ ತೋರಿಸುವುದು? ಮೊದಮೊದಲು ನಾವು ಏನಾದರೂ ಹೇಳಿದಾಗ ಅವಳ ತುಟಿ ಅಲುಗುತ್ತಿದ್ದವು. ಆಮೇಲೆ ಅದೂ ನಿಂತಿತು. ಉತ್ತರ ಬರದವರ ಜೊತೆ ಯಾರು ಎಷ್ಟು ದಿನ ಮಾತಾಡುತ್ತಾರೆ? ಊರಿಗೆಲ್ಲ ಸುದ್ದಿ ಹೇಳುವ ಗದಿಗೆಪ್ಪ ಕೂಡ ಮಗಳ ಎದುರು ಮೌನವಾಗಿ ತಾಟು ಇಟ್ಟು ಬರುತ್ತಿದ್ದರು.

ಡಾಕ್ಟರು ಪ್ರತಿ ಸಲವೂ ಅದನ್ನೇ ಕೇಳುತ್ತಿದ್ದರು. "ದನಿ ಏನರೆ ಕೇಳಸ್ತೇತೇನು?"

"ಇಲ್ರಿ."

"ಪಿಸುಮಾತು?"

"ಅದೂ ಇಲ್ರಿ."

"ಭಾಳ ಚಲೋ ಆತು," ಎಂದು ಅವರು ಅವಳ ತಲೆ ಸವರುತ್ತಿದ್ದರು. ನನಗೂ ಚಲೋ ಆತು ಎಂದೇ ಅನಿಸಬೇಕು. ಅನಿಸುತ್ತಲೂ ಇತ್ತು. ಆದರೆ ರೊಟ್ಟಿ ಬಡಿಯುತ್ತ ಕೂತಾಗ ಕಿವಿ ಮಾತ್ರ ತನ್ನಷ್ಟಕ್ಕೆ ಹಿಂದಿನ ಕೋಣೆಯ ಕಡೆ ಇರುತ್ತಿತ್ತು.

ಎರಡು ವರ್ಷ ಹೀಗೆ ಹೋಯಿತು. ಮೊನ್ನೆ ಮಧ್ಯಾಹ್ನದ ಪಂಕ್ತಿ ಮುಗಿದು ಗಿರಾಕಿಗಳು ಎದ್ದು ಹೋಗಿದ್ದರು. ಗದಿಗೆಪ್ಪ ಪೇಟೆಗೆ ಹೋಗಿದ್ದರು. ನಾನು ಒಲೆಯ ಬೂದಿ ತೆಗೆಯುತ್ತಿದ್ದೆ. ಹಿತ್ತಿಲಿಂದ ಯಾರೋ ಹೆಂಗಸು "ಯವ್ವಾ" ಎಂದಳು. ಯಾರೋ ಭಿಕ್ಷೆಯವಳು ಹಿಂದಿನ ಬಾಗಿಲಿಗೆ ಬಂದಿರಬೇಕು ಎಂದುಕೊಂಡು, ಮುಂದೆ ಹೋಗು, ಊಟ ಮುಗಿದಿದೆ ಎಂದೆ. ಅವಳು ಮತ್ತೆ "ಯವ್ವಾ" ಎಂದಳು. ತುಂಬಿದ, ಒಂಚೂರು ಗಡಸಾದ ದನಿ. ಎದ್ದು ಹೋಗಿ ನೋಡಿದರೆ ಭಿಕ್ಷೆಯವಳು ಇರಲಿಲ್ಲ. ತೊಳೆಯಲು ಇಟ್ಟಿದ್ದ ಎಂಜಲು ತಾಟುಗಳ ಪಕ್ಕ ದಾಕ್ಷಿ ಕುಳಿತಿದ್ದಳು. ಕೈಯಲ್ಲಿ ಯಾರೋ ಕಚ್ಚಿ ಬಿಟ್ಟಿದ್ದ ಚಪಾತಿ ಇತ್ತು, ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

ಹೆತ್ತ ಮಗಳ ದನಿ ನನಗೆ ಗುರುತು ಸಿಕ್ಕಿರಲಿಲ್ಲ. ಹೋಗುವಾಗ ಹುಡುಗಿಯ ದನಿ ಇತ್ತು. ಒಳಗೇ ಇದ್ದು ಬೆಳೆದಿತ್ತು.

"ಯಾಕ ತಿಂದಿ?" ಎಂದೆ.

"ನನ್ನ ದನಿ ಹೆಂಗಿತ್ತು ಅಂತ ಮರ್ತು ಹೋಗಿತ್ತು ಯವ್ವಾ," ಎಂದಳು. ಹೇಳಿದ್ದನ್ನು ತಾನೇ ಕೇಳಿಸಿಕೊಂಡು, ಹೊಸಬರ ಮಾತು ಕೇಳಿದವರಂತೆ ಗಂಟಲು ಮುಟ್ಟಿಕೊಂಡಳು. "ಇದು ನಂದಽ ಏನು?"

ಇನ್ನೆರಡು ತಾಸಿಗೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಾಳೆ, ಎರಡು ವರ್ಷ ಜೋಪಾನ ಮಾಡಿ ಬೆಳೆಸಿದ ಕರುಳಿನ ಎಳೆಗಳು ಮತ್ತೆ ಸವೆಯುತ್ತವೆ, ಒಮ್ಮೆ ರುಚಿ ಹತ್ತಿದರೆ ನಾಳೆಯೂ ಈ ತಾಟುಗಳ ಹತ್ತಿರ ಬಂದು ಕೂರುತ್ತಾಳೆ. ಎಲ್ಲ ನನಗೆ ಗೊತ್ತಿತ್ತು. ಉಳಿದ ಚೂರನ್ನು ಅವಳ ಕೈಯಿಂದ ಕಸಿದುಕೊಂಡೆ. ಕಪಾಳಕ್ಕೆ ಬಿಗಿಯಬೇಕು, ಗಂಟಲಿಗೆ ಬೆರಳು ಹಾಕಿ ಕಾರಿಸಬೇಕು ಎಂದು ಅವಳ ಗಲ್ಲವನ್ನೂ ಹಿಡಿದೆ.

ಹಿಡಿದವಳು, "ಇನ್ನೊಮ್ಮೆ ಕರಿ," ಎಂದೆ.